ರಾಗ ಅಡ್ಡಕ್ಕೆ, ತಾಳ ಉದ್ದಕ್ಕೆ: ಸಂಗೀತವನ್ನು ಸ್ವೆಟರಿನಲ್ಲಿ ಹೆಣೆಯುವುದು ಹೇಗೆ?

ಪ್ರಶ್ನೆ: ನನ್ನ ಮಗಳು ಟೊರಾಂಟೊದಲ್ಲಿದ್ದಾಳೆ. ಮೈಸೂರಿನಲ್ಲಿ ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿತವಳು, ಈಗಲೂ ಬಿಟ್ಟಿಲ್ಲ. ಅವಳಿಗೊಂದು ಸ್ವೆಟರ್ ಹೆಣೆದು ಕಳಿಸಬೇಕು, ಅದರಲ್ಲಿ ಅವಳ ಸಂಗೀತವೇ ಡಿಸೈನ್ ಆಗಿ ಬರಬೇಕು ಅಂತ ಆಸೆ. ಎಲ್ಲರಂತೆ ಅವಳೂ ಮಾಯಾಮಾಳವಗೌಳ ರಾಗದ ಸರಳೆಯಿಂದಲೇ, ಅಂದರೆ ಮೊದಲ ಸ್ವರಪಾಠದಿಂದಲೇ, ಶುರುಮಾಡಿದವಳು. ಅವಳಿಗೆ ಪ್ರಾಣವಾದ ಕೃತಿ ಮುತ್ತುಸ್ವಾಮಿ ದೀಕ್ಷಿತರ ‘ತ್ಯಾಗರಾಜ ಯೋಗ ವೈಭವಂ’. ಏಳು ಸ್ವರಕ್ಕೆ ಏಳು ಬಣ್ಣ ಅಂತ ಇಟ್ಟುಕೊಂಡು ಗ್ರಾಫ್ ಬರೆದೆ. ಹೋಳಿಯ ಬಣ್ಣ ಚೆಲ್ಲಿದ ಹಾಗಾಯಿತು. ಹಾಡಿನ ಧ್ವನಿತರಂಗದ ಚಿತ್ರವನ್ನೇ ಹೆಣೆಯುವವರೂ ಇದ್ದಾರಂತೆ. ನನಗೆ ಸರ್ಕ್ಯುಲರ್ ಕಡ್ಡಿಯಲ್ಲಿ, ಗ್ರಾಫ್ ನೋಡಿ, ಎರಡು ಬಣ್ಣದಲ್ಲಿ ಹೆಣೆಯಲು ಬರುತ್ತದೆ. ಕಂಪ್ಯೂಟರ್ ಬೇಕೇ? ಮಷೀನ್ ಬೇಕೇ? ಹೀಗೆ ಮಾಡಿದ್ದನ್ನು ಸಂಗೀತ ಅನ್ನಬಹುದೇ?

ಉತ್ತರ: ಗ್ರಾಫ್ ಕೆಟ್ಟದ್ದಕ್ಕೆ ನಿಮ್ಮ ಕೈ ಕಾರಣವಲ್ಲ. ಏಳು ಸ್ವರಕ್ಕೆ ಏಳು ಬಣ್ಣ ಎಂಬ ಲೆಕ್ಕವೇ ಎರಡು ದಾರದ ಹೆಣಿಗೆಗೆ ಒಗ್ಗುವುದಿಲ್ಲ. ನೀವು ಕಲಿತಿರುವುದು ಶೆಟ್‌ಲೆಂಡ್ ದ್ವೀಪಗಳಿಂದ ಹೆಸರಾದ ಫೇರ್ ಐಲ್ ಪದ್ಧತಿ. ಅದರಲ್ಲಿ ಒಂದು ಸಾಲಿಗೆ ಎರಡೇ ಬಣ್ಣ. ಆ ಕ್ಷಣಕ್ಕೆ ಬೇಡದ ದಾರ ಬಟ್ಟೆಯ ಹಿಂಬದಿಯಲ್ಲಿ ಸಡಿಲವಾಗಿ ಸಾಗುತ್ತದೆ. ಈ ಫ್ಲೋಟ್ ಐದು ಸ್ಟಿಚ್ ದಾಟಿತೆಂದರೆ ಹಾಕಿಕೊಳ್ಳುವಾಗ ಬೆರಳು, ಉಂಗುರ, ಬಳೆ ಎಲ್ಲ ಅದಕ್ಕೆ ಸಿಕ್ಕಿಕೊಳ್ಳುತ್ತವೆ. ಸಾಲಿಗೆ ಏಳು ಬಣ್ಣ ಎಂದರೆ ಯಾವಾಗಲೂ ಆರು ದಾರ ಹಿಂದೆ ತೂಗಾಡುತ್ತಿರಬೇಕು. ಅದು ಸ್ವೆಟರ್ ಆಗುವುದಿಲ್ಲ.

ಧ್ವನಿತರಂಗದ ಚಿತ್ರದ ಬಗ್ಗೆ ನನಗೆ ಉತ್ಸಾಹವಿಲ್ಲ. ಆ ಚಿತ್ರ ಹೇಳುವುದು ಶಬ್ದ ಎಲ್ಲಿ ಜೋರು, ಎಲ್ಲಿ ಮೆಲ್ಲಗೆ ಎಂಬುದನ್ನಷ್ಟೇ. ಕಲ್ಯಾಣಿಯ ಆಲಾಪನೆಗೂ ತರಕಾರಿ ಮಾರುವವನ ಕೂಗಿಗೂ ಅಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಅದನ್ನು ಹೆಣೆದವರು ‘ಇದು ಇಂಥ ಹಾಡು’ ಎಂದು ಬಾಯಿಬಿಟ್ಟು ಹೇಳಬೇಕು, ನೋಡಿದವರು ನಂಬಬೇಕು.

ಇದಕ್ಕಿಂತ ಗಂಭೀರವಾದ ಒಂದು ಪ್ರಯೋಗ 2013ರಲ್ಲಿ ನಡೆಯಿತು. ವರ್ವಾರಾ ಗುಲ್ಯಾಯೆವಾ, ಮಾರ್ ಕಾನೆಟ್ ಎಂಬ ಕಲಾವಿದ ಜೋಡಿ ಸೆಬಾಸ್ಟಿಯನ್ ಮೆಯಾಲ್ಯಾ ಅವರೊಂದಿಗೆ ಸೇರಿ ‘ನ್ಯೂರೋನಿಟ್ಟಿಂಗ್’ ಎಂಬ ಯೋಜನೆ ಮಾಡಿದರು. ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಕೇಳುತ್ತಿರುವವರ ತಲೆಗೆ ಮಿದುಳಿನ ಅಲೆಗಳನ್ನು ಅಳೆಯುವ ಹೆಡ್‌ಸೆಟ್ ತೊಡಿಸಿ, ಆ ಅಳತೆಗಳನ್ನು ಹೆಣಿಗೆ ಯಂತ್ರಕ್ಕೆ ಕೊಟ್ಟು ಮಫ್ಲರ್ ಹೆಣೆದರು. ಚೆಲುವಾದ ಕೆಲಸ. ಆದರೆ ಆ ಮಫ್ಲರಿನಲ್ಲಿರುವುದು ಕೇಳುಗನ ಮನಸ್ಸು, ಬಾಖ್ ಅಲ್ಲ. ನಿಮಗೆ ಬೇಕಾಗಿರುವುದು ಮಗಳು ನೋಡಿದ ತಕ್ಷಣ, ಅಥವಾ ಒಂದು ನಿಮಿಷ ಎಣಿಸಿ, ‘ಅಮ್ಮಾ, ಇದು ಮಾಯಾಮಾಳವಗೌಳ!’ ಎನ್ನುವಂಥದ್ದು.

ಹಾಗಾಗಬೇಕಾದರೆ ಸಂಗೀತದಲ್ಲಿ ಎಣಿಸಲು ಬರುವುದನ್ನು ಮಾತ್ರ ತೆಗೆದುಕೊಳ್ಳಬೇಕು, ಉಳಿದದ್ದನ್ನು ಧೈರ್ಯವಾಗಿ ಬಿಡಬೇಕು. ಗಮಕ, ಅಂದರೆ ಸ್ವರವನ್ನು ತೂಗಿ ಅಲುಗಿಸುವ ಬಗೆ, ಹೆಣಿಗೆಗೆ ಬರುವುದಿಲ್ಲ. ತೋಡಿಯ ಗಾಂಧಾರ ಅಲುಗಾಡುವ ರೀತಿಗೆ ಗ್ರಾಫಿನಲ್ಲಿ ಮನೆಯೇ ಇಲ್ಲ. ನಮ್ಮ ಸ್ವರಲಿಪಿಯಲ್ಲೂ ಅದನ್ನು ಪೂರ್ತಿ ಬರೆಯಲಾಗುವುದಿಲ್ಲ, ಗುರುವಿನ ಬಾಯಿಂದಲೇ ಕಲಿಯಬೇಕು. ಆದರೆ ರಾಗಕ್ಕೆ ಸ್ವರಸ್ಥಾನಗಳಿವೆ, ತಾಳಕ್ಕೆ ಅಕ್ಷರಗಳಿವೆ (ತಾಳದ ಎಣಿಕೆಗಳು), ಯತಿಗೆ (ಸಾಲು ಸಾಲಿಗೂ ಹಿಗ್ಗುವ ಇಲ್ಲವೇ ಕುಗ್ಗುವ ಕ್ರಮ) ಆಕಾರವೇ ಇದೆ. ಹೆಣಿಗೆಯಲ್ಲಿ ಇರುವುದೂ ಎಣಿಕೆ ಮತ್ತು ಆವರ್ತನೆಯೇ. ಈ ಮೂರನ್ನು ಒಂದೊಂದಾಗಿ ಇಳಿಸೋಣ.

ಮೊದಲು ರಾಗ. ಸ್ಥಾಯಿಯಲ್ಲಿ 12 ಸ್ವರಸ್ಥಾನಗಳು. ಗ್ರಾಫಿನಲ್ಲಿ 12 ಮನೆ ತೆಗೆದುಕೊಳ್ಳಿ. ಷಡ್ಜಕ್ಕೆ ಮೊದಲ ಮನೆ, ಶುದ್ಧ ರಿಷಭಕ್ಕೆ ಎರಡನೆಯದು, ಹೀಗೆ ಕಾಕಲಿ ನಿಷಾದಕ್ಕೆ ಹನ್ನೆರಡನೆಯದು. ರಾಗದಲ್ಲಿ ಇರುವ ಸ್ವರಕ್ಕೆ ಗಾಢ ಬಣ್ಣ, ಇಲ್ಲದ್ದಕ್ಕೆ ತಿಳಿ ಬಣ್ಣ. ಮಾಯಾಮಾಳವಗೌಳ ಹೀಗೆ ಬರುತ್ತದೆ:

●●○○●●○●●○○●

ಇದು ಸುತ್ತಲೂ ಮರುಕಳಿಸುವಾಗ ಕೊನೆಯ ನಿಷಾದ, ಮುಂದಿನ ಷಡ್ಜ, ರಿಷಭ ಮೂರೂ ಒಟ್ಟಾಗಿ ಮೂರು ಸ್ಟಿಚ್‌ನ ಗಾಢ ಪಟ್ಟಿಯಾಗುತ್ತವೆ. ಆಮೇಲೆ ಎರಡು ತಿಳಿ, ಎರಡು ಗಾಢ, ಒಂದು ತಿಳಿ, ಎರಡು ಗಾಢ, ಎರಡು ತಿಳಿ. ಎಲ್ಲೂ ಫ್ಲೋಟ್ ಮೂರು ಸ್ಟಿಚ್ ದಾಟುವುದಿಲ್ಲ. ಫೇರ್ ಐಲ್‌ಗೆ ಇದಕ್ಕಿಂತ ಹೇಳಿ ಮಾಡಿಸಿದ ನಮೂನೆ ಹುಡುಕಿದರೂ ಸಿಗದು.

ಇನ್ನೊಂದು ಗುಣವಿದೆ. ಷಡ್ಜವನ್ನು ನಡುವೆ ಇಟ್ಟು ನೋಡಿ: ಎಡಕ್ಕೂ ಬಲಕ್ಕೂ ಒಂದೇ ಲೆಕ್ಕ. ರಿಷಭದ ಎದುರಿಗೆ ನಿಷಾದ, ಗಾಂಧಾರದ ಎದುರಿಗೆ ಧೈವತ, ಮಧ್ಯಮದ ಎದುರಿಗೆ ಪಂಚಮ. ಕನ್ನಡಿಯ ಬಿಂಬ. 72 ಮೇಳಗಳಲ್ಲಿ, ಅಂದರೆ ಏಳು ಸ್ವರದ ಮೂಲರಾಗಗಳಲ್ಲಿ, ಷಡ್ಜದ ಸುತ್ತ ಹೀಗೆ ಸರಿಸಮವಾಗಿ ಬರುವುದು ಆರೇ ಆರು: ತಾನರೂಪಿ, ಕೋಕಿಲಪ್ರಿಯ, ಮಾಯಾಮಾಳವಗೌಳ, ಖರಹರಪ್ರಿಯ, ಚಾರುಕೇಶಿ, ಯಾಗಪ್ರಿಯ. ಆರಾರು ಮೇಳಗಳ ಗುಂಪಿಗೆ ಚಕ್ರ ಎನ್ನುತ್ತಾರೆ; ಮೊದಲ ಆರು ಚಕ್ರಗಳಲ್ಲಿ ಚಕ್ರಕ್ಕೊಂದರಂತೆ. ಪ್ರತಿಮಧ್ಯಮದ ಮೇಳಗಳಲ್ಲಿ ಒಂದೂ ಇಲ್ಲ, ಏಕೆಂದರೆ ಅಲ್ಲಿ ಪಂಚಮಕ್ಕೆ ಎದುರುಜೋಡಿಯಾಗುವ ಶುದ್ಧ ಮಧ್ಯಮವೇ ಇರುವುದಿಲ್ಲ. ಹೆಣೆಯುವವರಿಗೆ ಈ ಸಮತೆ ಬಹಳ ಉಪಯೋಗಕ್ಕೆ ಬರುತ್ತದೆ. ಮುಂಭಾಗದ ನಡುಗೆರೆಯಲ್ಲಿ, ತೋಳಿನ ನಡುವೆ ಷಡ್ಜವನ್ನು ಕೂರಿಸಿದರೆ ಎಡಬಲ ತಾನಾಗಿ ಹೊಂದುತ್ತವೆ. ತೋಳಿನ ಒಳಬದಿಯಲ್ಲಿ ಸ್ಟಿಚ್ ಹೆಚ್ಚಿಸುವಾಗ ನಮೂನೆ ಎಲ್ಲಿ ಮುರಿದರೂ ಎರಡೂ ಬದಿಯಲ್ಲಿ ಒಂದೇ ಥರ ಮುರಿಯುತ್ತದೆ.

ಬೇರೆ ರಾಗಗಳಿಗೆ ಕೈಹಾಕಿದರೆ ಒಂದು ತೊಡಕು ಎದುರಾಗುತ್ತದೆ. ಗ್ರಹಭೇದ ನಿಮ್ಮ ಮಗಳಿಗೆ ಗೊತ್ತಿರುತ್ತದೆ: ಶಂಕರಾಭರಣದ ರಿಷಭವನ್ನು ಷಡ್ಜ ಮಾಡಿಕೊಂಡರೆ ಖರಹರಪ್ರಿಯ, ಗಾಂಧಾರದಿಂದ ತೋಡಿ, ಮಧ್ಯಮದಿಂದ ಕಲ್ಯಾಣಿ, ಪಂಚಮದಿಂದ ಹರಿಕಾಂಭೋಜಿ, ಧೈವತದಿಂದ ನಠಭೈರವಿ. ಹಾಡುವಾಗ ತಂಬೂರಿ ಷಡ್ಜವನ್ನು ಹಿಡಿದಿರುತ್ತದೆ, ಹಾಗಾಗಿ ಗೊಂದಲವಿಲ್ಲ. ಸ್ವೆಟರಿಗೆ ತಂಬೂರಿ ಇಲ್ಲ. 12 ಸ್ಟಿಚ್‌ನ ನಮೂನೆ ಸುತ್ತಲೂ ಮರುಕಳಿಸುವಾಗ ಎಲ್ಲಿ ಶುರು ಎಲ್ಲಿ ಕೊನೆ ಎಂಬುದೇ ಅಳಿಸಿಹೋಗಿ, ಈ ಆರು ರಾಗಗಳೂ ಬಟ್ಟೆಯ ಮೇಲೆ ಒಂದೇ ಆಗಿಬಿಡುತ್ತವೆ. ಮೋಹನ, ಮಧ್ಯಮಾವತಿ, ಹಿಂದೋಳಗಳದ್ದೂ ಅದೇ ಕಥೆ. ಮಾಯಾಮಾಳವಗೌಳವೂ ಪೂರ್ತಿ ಪಾರಾಗುವುದಿಲ್ಲ. ಅದರ ರಿಷಭದಿಂದ ರಸಿಕಪ್ರಿಯ, ಮಧ್ಯಮದಿಂದ ಸಿಂಹೇಂದ್ರಮಧ್ಯಮ ಹೊರಡುತ್ತವೆ. ಆದ್ದರಿಂದ ಷಡ್ಜಕ್ಕೆ ಗುರುತು ಬೇಕೇ ಬೇಕು. ಸ್ವೆಟರ್ ಮುಗಿದ ಮೇಲೆ ದಪ್ಪ ಸೂಜಿಯಲ್ಲಿ ಮೂರನೇ ಬಣ್ಣದ ದಾರ ಪೋಣಿಸಿ, ಷಡ್ಜದ ಸ್ಟಿಚ್ ಹೋದ ದಾರಿಯಲ್ಲೇ ಮೇಲಿಂದ ಇನ್ನೊಮ್ಮೆ ಹೋಗಿ. ಫ್ಲೋಟೂ ಇಲ್ಲ, ತಲೆನೋವೂ ಇಲ್ಲ. ಅರಿಶಿನದ ಬಣ್ಣ ಆದರೆ ಕಡುನೀಲಿ, ಕೆನೆಬಣ್ಣ ಎರಡರ ಮೇಲೂ ಎದ್ದು ಕಾಣುತ್ತದೆ.

ಗ್ರಾಫ್ ಓದುವ ದಿಕ್ಕನ್ನೂ ಈಗಲೇ ಗಮನದಲ್ಲಿಡಿ. ನಾವು ಕನ್ನಡ ಓದುವುದು ಎಡದಿಂದ, ಸರ್ಕ್ಯುಲರ್ ಕಡ್ಡಿಯಲ್ಲಿ ಗ್ರಾಫ್ ಓದುವುದು ಬಲದಿಂದ. ಸ್ವರಗಳನ್ನು ಹೆಣೆಯುವ ಕ್ರಮದಲ್ಲಿ ಬರೆದುಕೊಂಡರೆ ನೋಡುವವರ ಕಣ್ಣಿಗೆ ಅವು ಹಿಂದುಮುಂದಾಗಿ ಕಾಣುತ್ತವೆ. ಷಡ್ಜಕ್ಕೆ ಗುರುತು ಹಾಕಿದ ಶಂಕರಾಭರಣವನ್ನು ಹೀಗೆ ತಿರುಗಿಸಿದರೆ ಅಚ್ಚುಕಟ್ಟಾಗಿ ತೋಡಿ ಆಗುತ್ತದೆ, ಮೋಹನ ಹಿಂದೋಳವಾಗುತ್ತದೆ. ಲೆಕ್ಕ ಹಾಕಿ ನೋಡಿ, ನಗು ಬರುತ್ತದೆ. ಮಾಯಾಮಾಳವಗೌಳಕ್ಕೆ ಮಾತ್ರ ಈ ಭಯವಿಲ್ಲ. ಎತ್ತಲಿಂದ ಓದಿದರೂ ಅದೇ. ಮುಂದೆ ಬೇರೆ ರಾಗ ಹೆಣೆಯುವುದಾದರೆ ಗ್ರಾಫನ್ನು ಕಣ್ಣಿಗೆ ಹೇಗೆ ಕಾಣಬೇಕೋ ಹಾಗೆ ಎಡದಿಂದ ಬರೆದು, ಎಂದಿನಂತೆ ಬಲದಿಂದ ಹೆಣೆಯಿರಿ. ನಿಮ್ಮ ಕೈಯಲ್ಲಿ ಅವರೋಹಣ ಸಾಗುತ್ತದೆ, ನೋಡುವವರಿಗೆ ಆರೋಹಣ ಕಾಣುತ್ತದೆ.

ಇನ್ನು ತಾಳ. ರಾಗದ ಸಾಲನ್ನೇ ಸುತ್ತಿನ ಮೇಲೆ ಸುತ್ತು ಹೆಣೆದರೆ ಬರುವುದು ಉದ್ದುದ್ದ ಪಟ್ಟೆ. ಚೆನ್ನಾಗಿಯೇ ಇರುತ್ತದೆ, ಆದರೆ ಹತ್ತು ಸೆಂಟಿಮೀಟರ್ ಆಗುವಷ್ಟರಲ್ಲಿ ನಿಮಗೇ ಬೇಸರವಾಗುತ್ತದೆ. ಅಲ್ಲಿ ತಾಳವನ್ನು ಕೆಲಸಕ್ಕೆ ಹಚ್ಚಿ. ಆದಿತಾಳ ಎಂದರೆ ನಾಲ್ಕಕ್ಷರದ ಲಘು, ಎರಡೆರಡು ಅಕ್ಷರದ ಎರಡು ದ್ರುತ. ಒಂದು ಅಕ್ಷರಕ್ಕೆ ಒಂದು ಸುತ್ತು. ಅಂಗ ಬದಲಾದಾಗಲೆಲ್ಲ ಬಣ್ಣ ಅದಲುಬದಲು ಮಾಡಿ: ನಾಲ್ಕು ಸುತ್ತು ಸ್ವರಗಳು ಗಾಢ, ಮುಂದಿನ ಎರಡು ಸುತ್ತು ಸ್ವರಗಳು ತಿಳಿ, ಮುಂದಿನ ಎರಡು ಮತ್ತೆ ಗಾಢ. ಒಂದು ಆವರ್ತನದಲ್ಲಿ ಮೂರು ಅಂಗ ಇರುವುದರಿಂದ ಎರಡನೇ ಆವರ್ತನದ ಲಘು ತಿಳಿಯಿಂದ ಶುರುವಾಗುತ್ತದೆ. 16 ಸುತ್ತಿಗೆ ನಮೂನೆ ಪೂರ್ತಿಯಾಗಿ ಮೊದಲಿಗೆ ಮರಳುತ್ತದೆ. 12 ಸ್ಟಿಚ್ ಅಗಲ, 16 ಸುತ್ತು ಎತ್ತರ. ಚೌಕಳಿಯ ಹಾಗೆ ಕಂಡರೂ ಎಲ್ಲ ಚೌಕವೂ ಒಂದೇ ಅಳತೆಯದಲ್ಲ, ಆ ಏರುಪೇರೇ ಇದರ ಸೊಗಸು. ತಾಳ ಹಾಕಿ ರೂಢಿಯಾದವರ ಕಣ್ಣು 4, 2, 2 ಎಂದು ಎಣಿಸಿಕೊಂಡುಬಿಡುತ್ತದೆ.

ಬೇರೆ ತಾಳಗಳೂ ಹೀಗೇ. ಮಿಶ್ರಛಾಪು ಆದರೆ ಮೂರು ಸುತ್ತು, ನಾಲ್ಕು ಸುತ್ತು. ಅಲಂಕಾರದ ಏಳು ತಾಳಗಳಲ್ಲಿ 14 ಅಕ್ಷರದ ಧ್ರುವ ನನಗೆ ಇಷ್ಟ. 4, 2, 4, 4 ಎಂಬ ನಡಿಗೆ ಬಟ್ಟೆಯ ಮೇಲೆ ಗಂಭೀರವಾಗಿ ಕೂರುತ್ತದೆ. ಏಕತಾಳ ಮಾತ್ರ ಸಪ್ಪೆ.

ತಾಳವನ್ನು ಅಡ್ಡಕ್ಕೂ ಇಡಬಹುದು, ಆಗ ಇನ್ನೊಂದು ಆಟ ಸಿಗುತ್ತದೆ. 240 ಸ್ಟಿಚ್‌ನ ಸುತ್ತಿನಲ್ಲಿ ಎಂಟಕ್ಷರದ ನಮೂನೆ ಸರಿಯಾಗಿ 30 ಸಲ ಕೂತು, ಮುಂದಿನ ಸುತ್ತಿನಲ್ಲೂ ಅದೇ ಜಾಗಕ್ಕೆ ಬೀಳುತ್ತದೆ. ಅದೇ 241 ಸ್ಟಿಚ್ ಹಾಕಿ ಎಣಿಕೆ ನಿಲ್ಲಿಸದೆ ಹೆಣೆಯುತ್ತಾ ಹೋದರೆ ಸುತ್ತಿಗೊಂದು ಸ್ಟಿಚ್ ಜರುಗಿ ಓರೆಗೆರೆಗಳು ಮೂಡುತ್ತವೆ. ಅಮೆರಿಕದ ಸ್ಟೀವ್ ರೈಕ್ 1972ರಲ್ಲಿ ಇದೇ ಉಪಾಯದ ಮೇಲೆ ಒಂದು ಕೃತಿ ರಚಿಸಿದರು. ಇಬ್ಬರು ಬರೀ ಚಪ್ಪಾಳೆಯಲ್ಲಿ 12 ಅಕ್ಷರದ ಒಂದೇ ನಡೆ ಶುರುಮಾಡುತ್ತಾರೆ. ಒಬ್ಬರು ಹಾಗೇ ಉಳಿಯುತ್ತಾರೆ, ಇನ್ನೊಬ್ಬರು ಆಗಾಗ ಒಂದೊಂದು ಅಕ್ಷರ ಜರುಗುತ್ತಾ ಹೋಗಿ, 12 ಸಲ ಜರುಗಿದ ಮೇಲೆ ಮತ್ತೆ ಒಂದಾಗುತ್ತಾರೆ. ಪಾಶ್ಚಾತ್ಯ ಸಂಗೀತದಿಂದ ಏನಾದರೂ ಹೆಣೆಯಬೇಕೆಂದರೆ ನಾನು ಮೊದಲು ತೋರಿಸುವುದು ಇದನ್ನೇ. ಗ್ರಾಫ್ ಬರೆಯುವ ಶ್ರಮವೂ ಇಲ್ಲ, ಒಂದು ಸಾಲು ಬರೆದರೆ ಸಾಕು.

ಈಗ ಮಗಳ ಮೆಚ್ಚಿನ ಕೃತಿಗೆ ಬರೋಣ. ಈ ಪ್ರಶ್ನೆಗೆ ಇಷ್ಟು ಉದ್ದದ ಉತ್ತರ ಬರೆಯುವ ಮನಸ್ಸಾದದ್ದೇ ಅದರಿಂದ.

ಆನಂದಭೈರವಿಯ ಆ ಕೃತಿಯ ಪಲ್ಲವಿ ಗೋಪುಚ್ಛ ಯತಿಗೆ ಎಲ್ಲರೂ ಕೊಡುವ ಉದಾಹರಣೆ. ಹಸುವಿನ ಬಾಲದಂತೆ ಸಾಹಿತ್ಯ ಸಾಲು ಸಾಲಿಗೂ ಸಣ್ಣದಾಗುತ್ತದೆ: ತ್ಯಾಗರಾಜ ಯೋಗ ವೈಭವಂ, ಅಗರಾಜ ಯೋಗ ವೈಭವಂ, ರಾಜ ಯೋಗ ವೈಭವಂ, ಯೋಗ ವೈಭವಂ, ವೈಭವಂ, ಭವಂ, ವಂ. ಇದನ್ನು ಶಾಲೆಯಲ್ಲಿ ಕಲಿತ ಪ್ರಸ್ತಾರದಂತೆ ಬಿಡಿಸಿ. ಇಲ್ಲಿನ ಲಘು ತಾಳದ್ದಲ್ಲ, ಛಂದಸ್ಸಿನದು: ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಸಾಲುಗಳ ಮಾತ್ರೆ ಕ್ರಮವಾಗಿ 14, 13, 11, 8, 5, 3, 2. ಒಂದರಿಂದ ಇನ್ನೊಂದಕ್ಕೆ ಕಡಿಮೆಯಾಗುವುದು 1, 2, 3, 3, 2, 1. ಮೆಲ್ಲಗೆ ಶುರುವಾಗಿ, ನಡುವೆ ವೇಗವಾಗಿ, ಕೊನೆಗೆ ಮತ್ತೆ ಮೆಲ್ಲಗೆ. ದೀಕ್ಷಿತರು ಮಾತ್ರೆ ಎಣಿಸಿ ಹೀಗೆ ಇಟ್ಟರೆಂದು ನಾನು ಹೇಳಹೊರಟಿಲ್ಲ, ಹಾಡುವಾಗ ತಾಳದಲ್ಲಿ ಅಕ್ಷರಗಳು ಎಳೆಯುವ ಕಾಲವೂ ಬೇರೆ. ಇದು ಛಂದಸ್ಸಿನ ಲೆಕ್ಕ ಮಾತ್ರ. ಆದರೆ ಡಿಸೈನ್ ಮಾಡುವವರು ಕೂತು ಕುತ್ತಿಗೆಯ ಇಳಿಜಾರಿಗೆ ಗೆರೆ ಎಳೆದರೆ ಇಂಥದೇ ಗೆರೆ ಬರುತ್ತದೆ.

ಸ್ವೆಟರಿನಲ್ಲಿ ಹೀಗೆ ಕಿರಿದಾಗುವ ಜಾಗ ಯಾವುದು? ಯೋಕ್. ಐಸ್‌ಲೆಂಡಿನ ಲೋಪಪೇಸಾ ಸ್ವೆಟರುಗಳಲ್ಲಿ ನೋಡಿರುತ್ತೀರಿ: ಮೈ ಮತ್ತು ಎರಡು ತೋಳುಗಳನ್ನು ಒಂದೇ ಕಡ್ಡಿಗೆ ಸೇರಿಸಿ, ಭುಜದಿಂದ ಕುತ್ತಿಗೆಯವರೆಗೆ ದುಂಡಗೆ ಹೆಣೆಯುತ್ತಾ ಸ್ಟಿಚ್ ಕಡಿಮೆ ಮಾಡುತ್ತಾ ಹೋಗುವುದು. ಆ ಯೋಕೇ ಗೋಪುಚ್ಛ. ಕುತ್ತಿಗೆಯಿಂದ ಕೆಳಗೆ ಹೆಣೆಯುವವರಿಗೆ ಅದು ಸ್ರೋತೋವಹ, ನದಿಯಂತೆ ಅಗಲವಾಗುವ ಯತಿ.

ಲೆಕ್ಕ ಹೀಗಿದೆ. 10 ಸೆಂ.ಮೀ.ಗೆ 24 ಸ್ಟಿಚ್ ಬರುವ ದಾರ, ಕಡ್ಡಿ ಹಿಡಿಯಿರಿ. ಎದೆಯಳತೆ 92 ಸೆಂ.ಮೀ. ಅಂದುಕೊಂಡು ಸಡಿಲಕ್ಕೆ 8 ಸೇರಿಸಿದರೆ 100 ಸೆಂ.ಮೀ., ಅಂದರೆ ಮೈಗೆ 240 ಸ್ಟಿಚ್. ಇದರಲ್ಲಿ 12ರ ರಾಗ ಸರಿಯಾಗಿ 20 ಸಲ ಕೂರುತ್ತದೆ. ತೋಳುಗಳು ಮೇಲ್ಭಾಗದಲ್ಲಿ ತಲಾ 80 ಸ್ಟಿಚ್. ಕಂಕುಳಲ್ಲಿ ಪ್ರತಿ ಬದಿಗೆ ಮೈಯಿಂದ 16, ತೋಳಿನಿಂದ 16 ಸ್ಟಿಚ್ ಪಿನ್ನಿಗೆ ತೆಗೆದಿಡಿ. 240ಕ್ಕೆ 160 ಕೂಡಿಸಿ 64 ಕಳೆದರೆ ಯೋಕಿಗೆ ಉಳಿಯುವುದು 336. ಇದು 14ರ 24 ಪಾಲು. ಅಂದರೆ ‘ತ್ಯಾಗರಾಜ ಯೋಗ ವೈಭವಂ’ ಭುಜದ ಸುತ್ತ 24 ಸಲ ಬರುತ್ತದೆ. ಗುರುವಿಗೆ ಎರಡು ಗಾಢ ಸ್ಟಿಚ್, ಲಘುವಿಗೆ ಒಂದು ತಿಳಿ ಸ್ಟಿಚ್ ಹಾಕಿ:

●●○●●○●●○●●○●●
○○●●○●●○●●○●●
●●○●●○●●○●●
●●○●●○●●
●●○●●

ಮೊದಲ ಸಾಲನ್ನು 14 ಸ್ಟಿಚ್ ಮೇಲೆ ಹತ್ತು ಹನ್ನೆರಡು ಸುತ್ತು ಹೆಣೆಯಿರಿ. ಆಮೇಲೆ ಒಂದು ಸಾದಾ ಸುತ್ತಿನಲ್ಲಿ ಪ್ರತಿ ಪಾಲಿಗೆ ಒಂದು ಸ್ಟಿಚ್ ಕಡಿಮೆ ಮಾಡಿ 13ಕ್ಕೆ ಬನ್ನಿ, ಎರಡನೇ ಸಾಲು ಹೆಣೆಯಿರಿ. ಹೀಗೇ ಮುಂದಕ್ಕೆ. ಒಂದು ಎಚ್ಚರ: 11ರಿಂದ 8ಕ್ಕೆ, 8ರಿಂದ 5ಕ್ಕೆ ಬರುವಾಗ ಮೂರು ಮೂರು ಸ್ಟಿಚ್ ಹೋಗಬೇಕು. ಒಂದೇ ಸುತ್ತಿನಲ್ಲಿ ಮಾಡಿದರೆ ನೆರಿಗೆ ಬೀಳುತ್ತದೆ. ನಡುವೆ ಒಂದೊಂದು ಸಾದಾ ಸುತ್ತು ಬಿಟ್ಟು ಮೂರು ಸಲಕ್ಕೆ ಹಂಚಿ. ಯೋಕಿನ ಎತ್ತರ ಒಟ್ಟು 22 ಸೆಂ.ಮೀ. ಸುಮಾರು ಬರಬೇಕು. ಕಡಿಮೆ ಬಿದ್ದರೆ ಮೊದಲ ಎರಡು ಸಾಲುಗಳ ಸುತ್ತು ಹೆಚ್ಚಿಸಿ, ಮೇಲಿನವನ್ನು ಮುಟ್ಟಬೇಡಿ. ಒಂದು ಪಾಲಿನ ಕೊನೆಯ ‘ವಂ’ ಮತ್ತು ಮುಂದಿನ ಪಾಲಿನ ಮೊದಲ ಗುರು ಸೇರಿ ನಾಲ್ಕು ಗಾಢ ಸ್ಟಿಚ್ ಒಟ್ಟಿಗೆ ಬೀಳುತ್ತವೆ. ಇಡೀ ಯೋಕಿನಲ್ಲಿ ಅತಿ ಉದ್ದದ ಫ್ಲೋಟ್ ಅದೇ. ನಿಭಾಯಿಸಬಹುದು.

‘ವೈಭವಂ’ಗೆ ಬಂದಾಗ 24 ಪಾಲಿಗೆ ಐದರಂತೆ 120 ಸ್ಟಿಚ್, ಅಂದರೆ 50 ಸೆಂ.ಮೀ. ಕುತ್ತಿಗೆ. ಯತಿಗೆ ನಿಷ್ಠೆ ತೋರಿಸಲು ಹೋಗಿ ‘ಭವಂ’ಗೆ ಮೂರರಂತೆ 72, ‘ವಂ’ಗೆ 48 ಮಾಡಿದರೆ ಮಗಳ ತಲೆ ತೂರುವುದಿಲ್ಲ! ಅಲ್ಲಿಗೆ ನಿಲ್ಲಿಸಿ. ಉಳಿದ ಎರಡನ್ನು ಕುತ್ತಿಗೆಪಟ್ಟಿಯಲ್ಲಿ ತನ್ನಿ: ಸಣ್ಣ ಕಡ್ಡಿಯಲ್ಲಿ 120 ಸ್ಟಿಚ್ ಮೇಲೇ ರಿಬ್ ಶುರುಮಾಡುವ ಮೊದಲು, ಪ್ರತಿ ಐದರಲ್ಲಿ ‘ಭವಂ’ಗೆ ○●●, ಅದರ ಮೇಲೆ ‘ವಂ’ಗೆ ●● ಬಲಕ್ಕೆ ಒತ್ತಿ ಬರುವಂತೆ, ಉಳಿದದ್ದು ತಿಳಿ ಬಣ್ಣದ ಪರ್ಲ್; ಅದನ್ನೂ ಸಾದಾ ಹೆಣೆದರೆ ‘ಭವಂ’ನ ತಿಳಿ ಲಘು ಬೇರೆಯಾಗಿ ಕಾಣುವುದಿಲ್ಲ. ಒಂದೊಂದಕ್ಕೆ ಎರಡು ಸುತ್ತು ಸಾಕು. ಬಟ್ಟೆ ಕಿರಿದಾಗದಿದ್ದರೂ ಸಾಹಿತ್ಯ ಕಿರಿದಾಗುತ್ತದೆ.

ಮಾಯಾಮಾಳವಗೌಳವನ್ನು ಮೈಯೆಲ್ಲ ತುಂಬಬೇಕೆಂಬ ಆಸೆ ಬಂದರೆ ತಡೆದುಕೊಳ್ಳಿ. ಎರಡು ದಾರದ ಹೆಣಿಗೆ ಎರಡು ಪದರದ ಬಟ್ಟೆಯಿದ್ದಂತೆಯೇ. ಟೊರಾಂಟೊದ ಚಳಿ ಹೊರಗೆ; ಮನೆ, ಆಫೀಸು, ಬಸ್ಸಿನ ಒಳಗೆಲ್ಲ ಹೀಟರ್ ಉರಿಯುತ್ತಿರುತ್ತದೆ. ಕೆಳಗಿನ ರಿಬ್ ಮುಗಿದ ಮೇಲೆ 32 ಸುತ್ತು, ಅಂದರೆ ನಾಲ್ಕು ಆವರ್ತನ, ತೋಳಿನ ಮುಂಗೈಯಲ್ಲಿ 16 ಸುತ್ತು ಸಾಕು. ಮುಂಗೈಗೆ 60 ಸ್ಟಿಚ್ ಇಟ್ಟುಕೊಂಡರೆ ರಾಗ ಐದು ಸಲ ಕೂರುತ್ತದೆ. ನಡುವೆ ಸಾದಾ ಮೈ, ಮೇಲೆ ಯೋಕಿನಲ್ಲಿ ಕೃತಿ. ಮೈಯ ರಾಗ ಬೇರೆ, ಯೋಕಿನ ಕೃತಿಯ ರಾಗ ಬೇರೆ ಎಂದು ಯಾರಾದರೂ ಆಕ್ಷೇಪಿಸಿದರೆ, ಯೋಕಿನಲ್ಲಿ ಇರುವುದು ಯತಿ, ರಾಗವಲ್ಲ ಎನ್ನಿ. ಎರಡು ದಾರದಲ್ಲಿ ಕೈ ಬಿಗಿಯುವುದು ಸಹಜವಾದ್ದರಿಂದ ಆ ಪಟ್ಟಿಗಳಿಗೆ ಅರ್ಧ ಮಿ.ಮೀ. ಹೆಚ್ಚು ದಪ್ಪದ ಕಡ್ಡಿ ಹಿಡಿಯಿರಿ, ಇಲ್ಲವಾದರೆ ಸೊಂಟದಲ್ಲಿ ಸ್ವೆಟರ್ ಒಳಕ್ಕೆ ಎಳೆಯುತ್ತದೆ.

ಬಣ್ಣದ ಬಗ್ಗೆ ಎರಡೇ ಮಾತು. ಗಾಢ, ತಿಳಿ ದಾರಗಳನ್ನು ಒಟ್ಟಿಗಿಟ್ಟು ಫೋನಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆಯಿರಿ. ಅದರಲ್ಲೂ ಎರಡೂ ಬೇರೆಯಾಗಿ ಕಂಡರೆ ಮಾತ್ರ ಕೊಳ್ಳಿ. ಕೆಂಪು, ಹಸಿರು ಅಂಗಡಿಯಲ್ಲಿ ಚೆನ್ನಾಗಿ ಕಾಣುತ್ತವೆ, ಫೋಟೊದಲ್ಲಿ ಎರಡೂ ಒಂದೇ ಬೂದಿಬಣ್ಣವಾಗಿಬಿಡಬಹುದು. ಎರಡನೆಯದು, ಹಿಂಬದಿಯಲ್ಲಿ ಕೆಳಗಿನಿಂದ ಬರುವ ದಾರದ ಸ್ಟಿಚ್ ಮುಂಬದಿಯಲ್ಲಿ ತುಸು ದೊಡ್ಡದಾಗಿ ಎದ್ದು ನಿಲ್ಲುತ್ತದೆ. ಸ್ವರದ ಬಣ್ಣವನ್ನು ಯಾವಾಗಲೂ ಕೆಳಗಿನ ದಾರವಾಗಿಯೇ ಹಿಡಿಯಿರಿ, ನಡುವೆ ಅದಲುಬದಲು ಮಾಡಿದರೆ ಅದೇ ನಮೂನೆ ಒಂದು ಕಡೆ ಮಸುಕಾಗಿ ಕಾಣುತ್ತದೆ.

ಸ್ವರಕ್ಕೊಂದು ಬಣ್ಣ ಎಂಬ ನಿಮ್ಮ ಲೆಕ್ಕವನ್ನು ಎಸೆಯಬೇಡಿ, ಮಫ್ಲರಿಗೆ ಬರುತ್ತದೆ. ಅಡ್ಡಪಟ್ಟೆಗೆ ಫ್ಲೋಟಿನ ಕಾಟವಿಲ್ಲ. ಮೊದಲ ಸರಳೆಯ ಪ್ರತಿ ಸ್ವರಕ್ಕೆ ಎರಡು ಸಾಲು. ಏರಿ ಇಳಿದು 16 ಸ್ವರಕ್ಕೆ 32 ಸಾಲು. ಆದರೆ ಕಾಮನಬಿಲ್ಲಿನ ಬಣ್ಣ ಬೇಡ. ತಗ್ಗಿನ ಷಡ್ಜದಿಂದ ತಾರಷಡ್ಜದವರೆಗೆ ಒಂದೇ ಬಣ್ಣದ ಎಂಟು ಛಾಯೆ, ಗಾಢದಿಂದ ತಿಳಿಗೆ. ಆಗ ಕಣ್ಣಿಗೂ ಏರುವುದು ಇಳಿಯುವುದು ತಿಳಿಯುತ್ತದೆ. ಮೇಲೆ ತಾರಷಡ್ಜ ಎರಡು ಸಲ, ಕೆಳಗೆ ಷಡ್ಜ ಎರಡು ಸಲ ಪಕ್ಕಪಕ್ಕ ಬೀಳುವುದರಿಂದ ಆ ಪಟ್ಟೆಗಳು ಉಳಿದವಕ್ಕಿಂತ ಎರಡರಷ್ಟು ಅಗಲವಾಗುತ್ತವೆ, ಷಡ್ಜಕ್ಕೆ ಬೇರೆ ಗುರುತೇ ಬೇಡ.

ಕಂಪ್ಯೂಟರ್ ಬೇಡ. ಗ್ರಾಫ್ ಕಾಗದ, ಪೆನ್ಸಿಲ್ ಸಾಕು. ಎಕ್ಸೆಲ್ ಬರುವುದಾದರೆ ಮನೆಗಳನ್ನು ಎತ್ತರಕ್ಕಿಂತ ಅಗಲ ತುಸು ಹೆಚ್ಚಿರುವಂತೆ ಇಟ್ಟುಕೊಳ್ಳಿ, ಏಕೆಂದರೆ ಸ್ಟಿಚ್ ಚಚ್ಚೌಕವಲ್ಲ. ಹಾಡನ್ನು ಕೇಳಿ ತಾನೇ ಡಿಸೈನ್ ಮಾಡಿಕೊಡುವ ತಂತ್ರಾಂಶಗಳು ಗಮಕವನ್ನೆಲ್ಲ ಬೇರೆ ಬೇರೆ ಸ್ವರವೆಂದು ಎಣಿಸಿ ನಿಮ್ಮ ಮೊದಲ ಗ್ರಾಫಿನಂಥದ್ದನ್ನೇ ಕೊಡುವ ಸಂಭವ ಹೆಚ್ಚು.

ಮಷೀನಿನ ಮಾತಿಗೆ ಒಂದು ಹಳೆಯ ಕಥೆಯಿದೆ. 1725ರಲ್ಲಿ ಫ್ರಾನ್ಸಿನ ಲಿಯೋಂ ಪಟ್ಟಣದ ಬಾಸಿಲ್ ಬೂಶೋಂ, ತೂತು ಕೊರೆದ ಕಾಗದದಿಂದ ಮಗ್ಗದ ದಾರಗಳನ್ನು ಆರಿಸುವ ಉಪಾಯ ಕಂಡುಹಿಡಿದ. ಅವನ ತಂದೆ ಆರ್ಗನ್ ವಾದ್ಯ ತಯಾರಿಸುವವನು. 1745ರ ಸುಮಾರಿಗೆ ಮಗ್ಗವನ್ನು ಮುಂದುವರಿಸಿದ ವೋಕಾಂಸೋಂ ಅದಕ್ಕೆ ಮೊದಲು ಕೊಳಲು ನುಡಿಸುವ ಯಂತ್ರಮಾನವನನ್ನು ಮಾಡಿ ಹೆಸರಾದವನು. 1804ರ ಹೊತ್ತಿಗೆ ಜಕಾರ್ ಈ ಸರಣಿಯನ್ನು ಪಂಚ್‌ಕಾರ್ಡ್ ಮಗ್ಗವಾಗಿ ಪೂರ್ತಿಗೊಳಿಸಿದ. ಅದೇ ಶತಮಾನದ ಕೊನೆಗೆ ತೂತಿನ ಕಾರ್ಡುಗಳು ಬೀದಿ ಆರ್ಗನ್‌ಗಳಿಗೆ ಹಾಡಿನ ಪುಸ್ತಕಗಳಾದವು. ಸಂಗೀತವನ್ನೂ ನೇಯ್ಗೆಯನ್ನೂ ಒಂದೇ ಥರದ ಕಾರ್ಡಿನ ಮೇಲೆ ಬರೆಯಬಹುದು ಎಂಬುದು ಆಗಲೇ ಗೊತ್ತಾಗಿತ್ತು.

ಆ ಕಾರ್ಡಿನ ಮೊಮ್ಮಗು ಮನೆಬಳಕೆಯ ಪಂಚ್‌ಕಾರ್ಡ್ ಹೆಣಿಗೆ ಯಂತ್ರ. ಸಾಮಾನ್ಯ ಮಾದರಿಗಳಲ್ಲಿ ಕಾರ್ಡಿನ ಅಗಲ 24 ಸ್ಟಿಚ್. 12ರ ರಾಗ ಎರಡು ಸಲ, ಆದಿತಾಳ ಮೂರು ಸಲ ಕೂರುತ್ತದೆ, ಏಳರ ಮಿಶ್ರಛಾಪು ಕೂರುವುದೇ ಇಲ್ಲ. ಬ್ರದರ್ ಕಂಪನಿಯ ಹಳೆಯ ಎಲೆಕ್ಟ್ರಾನಿಕ್ ಯಂತ್ರ ಯಾರ ಬಳಿಯಾದರೂ ಇದ್ದರೆ ‘ಆಲ್ ಯಾರ್ನ್ಸ್ ಆರ್ ಬ್ಯೂಟಿಫುಲ್’ ಎಂಬ ಮುಕ್ತ ತಂತ್ರಾಂಶದಿಂದ, ಕೆಲವು ಮಾದರಿಗಳಲ್ಲಿ, ಕಂಪ್ಯೂಟರಿನ ಚಿತ್ರವನ್ನು ನೇರವಾಗಿ ಹೆಣೆಯಬಹುದು. ಒಂದು ಸ್ವೆಟರಿಗಾಗಿ ಅಷ್ಟು ದೂರ ಹೋಗುವುದು ಬೇಡ. ದುಂಡನೆಯ ಯೋಕಂತೂ ಅಂಥ ಯಂತ್ರದಲ್ಲಿ ಕೈಯಲ್ಲಿ ಬಂದಷ್ಟು ಸಲೀಸಾಗಿ ಬರುವುದಿಲ್ಲ.

ಇದು ಸಂಗೀತವೇ ಎಂದು ಕೇಳಿದ್ದೀರಿ. ಹಾಡಲು ಬರುವವರ ಕೈಗೆ ಕೊಟ್ಟರೆ ಅವರು ಇದರಿಂದ ಸ್ವರಸ್ಥಾನ, ತಾಳ, ಸಾಹಿತ್ಯದ ಮಾತ್ರೆ ಮೂರನ್ನೂ ಮರಳಿ ಓದಬಲ್ಲರು. ಸಂಗೀತದ ಪುಸ್ತಕದಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ. ಆರೋಹಣ, ಅವರೋಹಣ ಬರೆದ ಮಾತ್ರಕ್ಕೆ ರಾಗವಾಗುವುದಿಲ್ಲ ಎಂಬ ಮಾತು ಪುಸ್ತಕಕ್ಕೆ ಎಷ್ಟು ನಿಜವೋ ಸ್ವೆಟರಿಗೂ ಅಷ್ಟೇ ನಿಜ.

ಶುರುಮಾಡುವ ಮುನ್ನ ಮಾದರಿ ತುಂಡಿನ ಬದಲು ಒಂದು ಟೋಪಿ ಹೆಣೆಯಿರಿ. 120 ಸ್ಟಿಚ್, ರಾಗ ಹತ್ತು ಸಲ, ಆದಿತಾಳದ ಮೂರು ಆವರ್ತನ. ಸ್ವೆಟರಿನಂತೆ ಟೋಪಿಯನ್ನೂ ಸುತ್ತ ಸುತ್ತ ಹೆಣೆಯುವುದರಿಂದ ನಿಮ್ಮ ಕೈಯ ನಿಜವಾದ ಅಳತೆ ಅದರಲ್ಲಿ ಸಿಗುತ್ತದೆ. ಚಪ್ಪಟೆ ತುಂಡಿನಲ್ಲಿ ಪರ್ಲ್ ಸಾಲುಗಳು ಬಂದು ಅಳತೆ ತಪ್ಪುತ್ತದೆ. ಟೋಪಿಯನ್ನು ಒಗೆದು ಒಣಗಿಸಿದ ಮೇಲೆ ಅಳೆಯಿರಿ. 10 ಸೆಂ.ಮೀ.ಗೆ 24ರ ಬದಲು 22 ಸ್ಟಿಚ್ ಬಂದರೆ ಯೋಕಿನ 14, 13, 11ನ್ನು ಮುಟ್ಟಬೇಡಿ, ಪಾಲುಗಳನ್ನು 24ರಿಂದ 22ಕ್ಕೆ ಇಳಿಸಿ. ಆಗ ಯೋಕ್ 308 ಸ್ಟಿಚ್‌ನಿಂದ ಶುರುವಾಗಿ ಕುತ್ತಿಗೆಗೆ 110 ಉಳಿಯುತ್ತದೆ. ಮೈಗೆ 12ರಿಂದ ಭಾಗವಾಗುವ 216 ತೆಗೆದುಕೊಳ್ಳಿ, ತೋಳಿಗೆ 78. ಕಂಕುಳಲ್ಲಿ ಎಲ್ಲ ಕಡೆ 16ರಂತೆ ತೆಗೆದಿಟ್ಟರೆ ಸರಿಯಾಗಿ 308 ಉಳಿಯುತ್ತದೆ.